ಅಂಬುಜಮ್ಮನವರ ಸುತ್ತು

ಗಾಡಿ ಕೆಟ್ಟಿತ್ತು ಎಂದರೆ ಸುಳ್ಳಾಗುತ್ತದೆ. ಅದು ಅರ್ಧ ಕೆಟ್ಟಿತ್ತು. ಪೂರ್ತಿ ಕೆಟ್ಟಿದ್ದರೆ ನನಗೆ ಅಷ್ಟು ತಲೆನೋವು ಇರುತ್ತಿರಲಿಲ್ಲ. ಶೆಡ್ಡಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಪೆಡಲ್ ಒತ್ತಿದರೆ ಗಿರ್ರನೆ ತಿರುಗುತ್ತಿತ್ತು. ಜನರನ್ನು ಕೂರಿಸಿಕೊಂಡು ಬೀದಿಗೆ ಇಳಿದರೆ ಎಲ್ಲೋ ಒಂದು ಕಡೆ ನಿಂತುಬಿಡುತ್ತಿತ್ತು. ಪೆಡಲ್ ಒತ್ತಿದಾಗಲೆಲ್ಲ ಸೀಟಿನ ಕೆಳಗೆ ‘ಟಕ್’ ಅನ್ನುತ್ತಿತ್ತು, ಅಷ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಇಂಥ ಯಂತ್ರದ ಎದುರು ರಿಪೇರಿಯವರ ಮಾನ ಮೂರು ಕಾಸಿಗೆ ಹರಾಜಾಗುತ್ತದೆ.

ನಾನು ಪದ್ಮಾವತಿ, ಊರಿಗೆಲ್ಲ ಪದ್ದಕ್ಕ. ಅಪ್ಪನ ಕಾಲದ ವೈಂಡಿಂಗ್ ಅಂಗಡಿಯನ್ನು ಅಪ್ಪ ಹೋದಮೇಲೆ ನಾನೇ ನಡೆಸುತ್ತಿದ್ದೇನೆ. ಫ್ಯಾನು, ಮಿಕ್ಸಿ, ನೀರಿನ ಪಂಪು, ಏನು ಸುಟ್ಟರೂ ನನ್ನ ಹತ್ತಿರ ಬರಬೇಕು. ನನ್ನ ಬಾಯಿ ಜೋರು ಎಂದು ಹೇಳುತ್ತಾರೆ. ಕರಕಲಾದ ಮೋಟಾರನ್ನು ತಂದು ಮುಂದಿಟ್ಟು, ‘ನಾವೇನೂ ಮಾಡ್ಲಿಲ್ಲ ಪದ್ದಕ್ಕ, ತಾನಾಗೇ ನಿಂತೋಯ್ತು’ ಎನ್ನುವವರ ಜೊತೆ ಮೂವತ್ತು ವರ್ಷ ಕಳೆದರೆ ಯಾರ ಬಾಯಿಯಾದರೂ ಜೋರಾಗುತ್ತದೆ.

ನಮ್ಮ ಊರಿಗೆ ಇರುವುದು ಒಂದೇ ಬೀದಿ. ದೊಡ್ಡದೊಂದು ಬಂಡೆಯ ಸುತ್ತ ಬಳೆಯ ಹಾಗೆ ಬಂದಿದೆ. ಬಲಗಡೆ ಬಂಡೆಗೆ ಬೆನ್ನು ಕೊಟ್ಟು ಸಾಲಾಗಿ ಮನೆಗಳು, ಎಡಗಡೆ ಕೆರೆ. ಈ ಬೀದಿಯಲ್ಲಿ ನಾವು ಮುಂದಕ್ಕೆ ಹೋಗುತ್ತೇವೆ, ಹಿಂದಕ್ಕೆ ಬರುವುದಿಲ್ಲ. ತಲೆ ತಿರುಗಿಸಿ ಹಿಂದೆ ನೋಡಬಹುದು, ಕಾಲು ತಿರುಗಿಸುವಂತಿಲ್ಲ. ಮನೆ ಬಿಟ್ಟು ನಾಲ್ಕು ಹೆಜ್ಜೆ ಹೋದಮೇಲೆ ಕೊಡೆ ಮರೆತದ್ದು ನೆನಪಾದರೆ ಎರಡು ಗಂಟೆ ಊರು ಸುತ್ತಿ ಬಂದು ಕೊಡೆ ತೆಗೆದುಕೊಳ್ಳಬೇಕು. ಅಷ್ಟು ಹೊತ್ತಿಗೆ ಮಳೆ ನಿಂತಿರುತ್ತದೆ ಅನ್ನಿ. ಮುಂದಿನ ಮನೆಯವರಿಗೆ ಒಂದು ಪಾತ್ರೆ ಹುಳಿ ಕೊಟ್ಟು ಬರುವುದೂ ಅಷ್ಟೇ ದೂರ. ಹಾಗಾಗಿ ನಮ್ಮಲ್ಲಿ ಪಾತ್ರೆ ವಾಪಸ್ ಕೊಡುವ ಪದ್ಧತಿಯೇ ಇಲ್ಲ. ಅವರು ಅದರಲ್ಲಿ ತಮ್ಮದೇನನ್ನೋ ತುಂಬಿ ತಮ್ಮ ಮುಂದಿನ ಮನೆಗೆ ಕೊಡುತ್ತಾರೆ. ನನ್ನ ಅಮ್ಮನ ಹೆಸರು ಕೆತ್ತಿದ ಹಿತ್ತಾಳೆ ಬೋಗುಣಿ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಮನೆಗೆ ಬರುತ್ತದೆ, ಒಂದೆರಡು ದಿನ ಇದ್ದು ಹೋಗುತ್ತದೆ. ಹೆಣ್ಣು ಕೊಡುವಾಗ ಹಿಂದಿನ ಮನೆ ಸಿಕ್ಕಿದರೆ ತಾಯಂದಿರಿಗೆ ಬಹಳ ಖುಷಿ, ಮಗಳು ತವರಿಗೆ ಬರಲು ಹತ್ತು ಹೆಜ್ಜೆ ಸಾಕು. ಹೊರಗಿನ ಗಾಡಿಗಳನ್ನು ನಾವು ಹೆಬ್ಬಾಗಿಲಿನಿಂದ ಒಳಗೆ ಬಿಡುವುದಿಲ್ಲ. ಅವರ ಡ್ರೈವರುಗಳಿಗೆ ಒಂದು ಸಲ ಹಿಂದೆ ಮುಂದೆ ಆಡಿಸದೆ ಗಾಡಿ ನಿಲ್ಲಿಸಲು ಬರುವುದೇ ಇಲ್ಲ.

ವಯಸ್ಸಾದವರ ಗತಿ ಏನು ಎಂಬ ಪ್ರಶ್ನೆ ಬಂದಾಗ ಊರವರೆಲ್ಲ ಸೇರಿ ಈ ಬ್ಯಾಟರಿ ಗಾಡಿ ತರಿಸಿದರು. ಎಲ್ಲೋ ಮುಚ್ಚಿಹೋದ ಗಾಲ್ಫ್ ಮೈದಾನದ ಗಾಡಿ. ಬಂದಾಗಲೇ ಹಳೆಯದು, ಬಂದು ಹನ್ನೊಂದು ವರ್ಷವಾಯಿತು. ಸೀಟಿನ ಕೆಳಗೆ ಆರು ಬ್ಯಾಟರಿ, ಮೇಲೆ ಕೆನೆಬಣ್ಣದ ಚಾವಣಿ, ಆರು ಜನ ಕೂರಬಹುದು. ಒಂದು ಸುತ್ತಿಗೆ, ಹತ್ತಿಸಿ ಇಳಿಸುವುದೆಲ್ಲ ಸೇರಿ, ಸರಿಯಾಗಿ ಒಂದು ಗಂಟೆ. ಓಡಿಸುವವನು ಲಕ್ಕಣ್ಣ. ಅರವತ್ತು ದಾಟಿದ ಮನುಷ್ಯ, ಹೆಂಡತಿಯ ಮೇಲೆ ಬಿದ್ದ ನೊಣವನ್ನಾದರೂ ಸಹಿಸಿಯಾನು, ಗಾಡಿಯ ಮೇಲೆ ಬಿದ್ದ ಧೂಳನ್ನು ಸಹಿಸಲಾರ.

ಗಾಡಿ ಲಾರಿಯಿಂದ ಇಳಿದ ದಿನ ಬೀದಿಯ ಯಜಮಾನರಾದ ನಾಗಭೂಷಣಯ್ಯನವರು ಸೀಟಿನ ಪಕ್ಕದ ಲಿವರನ್ನು ತೋರಿಸಿ, ‘ಇದೇನಮ್ಮ ಪದ್ದಾ?’ ಎಂದು ಕೇಳಿದ್ದರು. ಮುಂದಕ್ಕೆ ಒತ್ತಿದರೆ ಗಾಡಿ ಮುಂದಕ್ಕೆ, ಹಿಂದಕ್ಕೆ ಎಳೆದರೆ ಹಿಂದಕ್ಕೆ ಎಂದೆ. ಲಿವರಿನ ಹತ್ತಿರ ನಿಂತವರು ಕೈ ಎಳೆದುಕೊಂಡರು. ನಾನು ಆಗಲೇ ಒಂದು ಮರದ ಬೆಣೆ ಕೆತ್ತಿ, ಲಿವರ್ ಮುಂದಕ್ಕೇ ಇರುವಂತೆ ಬಡಿದು, ಅದರ ಪೆಟ್ಟಿಗೆಯ ಮೇಲೆ ತಗಡು ಮುಚ್ಚಿ ನಾಲ್ಕು ಸ್ಕ್ರೂ ಬಿಗಿದೆ. ಅವರು ತಗಡಿಗೆ ಕುಂಕುಮ ಇಟ್ಟರು. ಆಮೇಲೆ ಅಲ್ಲೊಂದು ಲಿವರ್ ಇದೆ ಎಂಬುದೇ ನಮಗೆಲ್ಲ ಮರೆತುಹೋಯಿತು.

ಅಂಬುಜಮ್ಮನವರು ದಿನಾ ಬೆಳಗ್ಗೆ ಒಂಬತ್ತಕ್ಕೆ ತಮ್ಮ ಮನೆ ಬಾಗಿಲಲ್ಲಿ ಗಾಡಿ ಹತ್ತುತ್ತಿದ್ದರು. ಎಪ್ಪತ್ತೆಂಟು ವರ್ಷ. ಎರಡು ಮಂಡಿಯೂ ಹೋಗಿದ್ದವು, ನಗು ಮಾತ್ರ ಹೋಗಿರಲಿಲ್ಲ. ಕೈಯಲ್ಲಿ ಒಂದು ಟಿಫನ್ ಡಬ್ಬಿ. ಅವರು ಹೋಗಬೇಕಾದದ್ದು ತಂಗಿ ವಾರಿಜಮ್ಮನ ಮನೆಗೆ. ಆ ಮನೆ ಇವರ ಮನೆಯ ಹಿಂದಿನದು. ಎರಡಕ್ಕೂ ನಡುವೆ ಒಂದೇ ಗೋಡೆ. ತಂಗಿ ಆ ಕಡೆ ಕೆಮ್ಮಿದರೆ ಅಕ್ಕನಿಗೆ ಈ ಕಡೆ ಕೇಳುತ್ತಿತ್ತು. ಆದರೆ ತಂಗಿಯ ಮುಖ ನೋಡಬೇಕಾದರೆ ಗಾಡಿ ಹತ್ತಿ ಇಡೀ ಊರು ಸುತ್ತಿ ಬರಬೇಕು.

ವಾರಿಜಮ್ಮ ಹಾಸಿಗೆ ಹಿಡಿದು ಒಂದು ವರ್ಷವಾಗಿತ್ತು. ಹೊಟ್ಟೆಯಲ್ಲಿ ಗಡ್ಡೆ. ಇನ್ನು ಆಸ್ಪತ್ರೆಗೆ ಕರೆತರುವುದು ಬೇಡ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಗ ಮುಂಜಾನೆಯೇ ಅಕ್ಕಿ ಗಿರಣಿಗೆ ಹೋದರೆ ಬರುವುದು ಸಂಜೆ. ಕೆಲಸದವಳು ಎಂಟೂವರೆಗೆಲ್ಲ ಮೈ ಒರೆಸಿ, ಸೀರೆ ಬದಲಿಸಿ ಹೊರಟುಬಿಡುತ್ತಿದ್ದಳು. ಹತ್ತಕ್ಕೆ ಅಕ್ಕ ಬಂದು ಎರಡು ತುತ್ತು ತಿನ್ನಿಸಿದರೆ ಉಂಟು, ಇಲ್ಲದಿದ್ದರೆ ಬರಿ ಹೊಟ್ಟೆ. ಬೇರೆ ಯಾರ ಕೈಯಲ್ಲೂ ಅವರು ಬಾಯಿ ತೆರೆಯುತ್ತಿರಲಿಲ್ಲ. ಅವರನ್ನೇ ಅಕ್ಕನ ಮನೆಗೆ ಎತ್ತಿ ತರಬಹುದಿತ್ತು, ಮುಂದಕ್ಕೆ ಹತ್ತು ಹೆಜ್ಜೆ. ಅದನ್ನು ಹೇಳಿದಾಗ ಅವರು, ‘ಮುಂದಿನ ಮನೆಗೆ ಹೋಗಿಬಿಟ್ರೆ ನನ್ನ ಮನೆಗೆ ಬರೋಕೆ ಊರೆಲ್ಲ ಸುತ್ತಬೇಕು. ಅಷ್ಟು ಆಯಸ್ಸು ನನಗೆ ಉಳಿದಿಲ್ಲ. ನಾನು ಇಲ್ಲೇ ಇರ್ತೀನಿ’ ಎಂದರಂತೆ. ಅಂಬುಜಮ್ಮನವರಾದರೂ ತಂಗಿಯ ಮನೆಯಲ್ಲೇ ಉಳಿಯೋಣವೆಂದರೆ ಅವರ ಮನೆಯಲ್ಲಿ ಪಾರ್ಶ್ವವಾಯು ಬಡಿದ ಗಂಡ. ಹಗಲು ಸೊಸೆ ನೋಡಿಕೊಳ್ಳುತ್ತಾಳೆ, ರಾತ್ರಿಗೆ ಹೆಂಡತಿಯೇ ಬೇಕು. ಹೀಗಾಗಿ ದಿನಾ ಒಂದು ಸುತ್ತು. ಸಂಜೆ ತಂಗಿಯ ಮನೆಯಿಂದ ಹೊರಟು ಗೋಡೆ ಹಿಡಿದುಕೊಂಡು ಹತ್ತು ಹೆಜ್ಜೆ ನಡೆದರೆ ಮನೆ.

ಇಂಥವರನ್ನು ಕೂರಿಸಿಕೊಂಡ ಗಾಡಿ ಕೆರೆ ಏರಿಯ ಮೇಲೆ ನಿಂತುಬಿಟ್ಟಿತು. ಒಂದು ದಿನವಲ್ಲ, ಹತ್ತು ದಿನದಲ್ಲಿ ನಾಲ್ಕು ಸಲ.

ಯಂತ್ರ ಕೆಟ್ಟರೆ ಹೇಗೆ ಹುಡುಕಬೇಕೆಂದು ಅಪ್ಪ ನನಗೆ ಕಲಿಸಿದ್ದರು. ಕರೆಂಟು ಹುಟ್ಟುವ ಕಡೆಯಿಂದ ಶುರು ಮಾಡು, ಅದು ಹೋಗುವ ದಾರಿಯಲ್ಲೇ ನೀನೂ ಹೋಗು. ನಮ್ಮ ಊರಿನಲ್ಲಿ ಇನ್ನು ಹೇಗೆ ಕಲಿಸುತ್ತಾರೆ? ಮೊದಲನೇ ಸಲ ಬ್ಯಾಟರಿಯಿಂದ ಹೊರಟೆ. ಒಂದೊಂದಕ್ಕೂ ಮೀಟರ್ ಇಟ್ಟು ನೋಡಿದರೆ ಐದು ಸರಿಯಾಗಿ ಆರು ವೋಲ್ಟಿನ ಮೇಲೆ ತೋರಿಸಿದವು, ಮೂರನೆಯದು ಐದೂವರೆಯಲ್ಲಿ ಮಲಗಿತ್ತು. ಸಿಕ್ಕಿದೆಯಲ್ಲ ಕಳ್ಳ ಎಂದು ಅದನ್ನು ಬದಲಿಸಿದೆ. ಗಾಡಿ ಓಡಿತು. ಎರಡು ದಿನಕ್ಕೆ ಮತ್ತೆ ನಿಂತಿತು. ಮತ್ತೆ ಬ್ಯಾಟರಿಯಿಂದ ಹೊರಟೆ. ಟರ್ಮಿನಲ್‌ಗಳ ಮೇಲೆ ಹಸಿರು ಬೂಷ್ಟು ಕಟ್ಟಿತ್ತು. ಅಡುಗೆ ಸೋಡ ಕಲಸಿದ ನೀರು ಹಾಕಿ ಉಜ್ಜಿ, ತಂತಿಗಳನ್ನೆಲ್ಲ ಬಿಗಿ ಮಾಡಿದೆ. ಓಡಿತು, ನಿಂತಿತು. ಮೂರನೇ ಸಲ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸೊಲೆನಾಯ್ಡ್ ಬದಲಿಸಿದೆ. ಪೆಡಲ್ ಒತ್ತಿದಾಗ ‘ಟಕ್’ ಎಂದು ಕರೆಂಟಿಗೆ ಬಾಗಿಲು ತೆಗೆಯುವ ಸಾಮಾನು ಅದು. ನಾಲ್ಕನೇ ಸಲ ಪೆಡಲ್ಲಿನ ಕೆಳಗಿನ ಸಣ್ಣ ಸ್ವಿಚ್ಚು. ಪ್ರತಿ ಸಲವೂ ಏನೋ ಒಂದು ಸಿಗುತ್ತಿತ್ತು. ಹಳೆಯ ಗಾಡಿಯಲ್ಲಿ ಹುಡುಕಿದವರಿಗೆ ಏನು ಸಿಗುವುದಿಲ್ಲ? ಸಿಕ್ಕಿದ ಕೂಡಲೇ ನಾನು ಅಲ್ಲಿಗೇ ನಿಲ್ಲಿಸಿ, ಕೈ ತೊಳೆದು, ಜಂಭದಿಂದ ಮನೆಗೆ ಹೋಗುತ್ತಿದ್ದೆ.

ನಾಲ್ಕನೇ ಸಲ ನಿಂತ ದಿನ ಎಷ್ಟು ಕಾದರೂ ಗಾಡಿ ಹೊರಡದೆ, ಅಂಬುಜಮ್ಮನವರನ್ನು ತರಕಾರಿ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಒಂದೂಮುಕ್ಕಾಲು ಗಂಟೆ, ಕಲ್ಲುಚಪ್ಪಡಿಯ ಬೀದಿ. ಸೊಂಟ ಹಿಡಿದುಕೊಂಡು ಎರಡು ದಿನ ಅವರು ಮೇಲೇಳಲಿಲ್ಲ. ಆ ಎರಡು ದಿನ ವಾರಿಜಮ್ಮ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಅದನ್ನು ಕೇಳಿ ನನಗೆ ಅನ್ನ ಇಳಿಯಲಿಲ್ಲ. ಲಕ್ಕಣ್ಣನ ಮೇಲೆ ರೇಗಿದೆ. ಅವನೂ ಬಿಡಲಿಲ್ಲ, ‘ನನ್ ಮೇಲ್ಯಾಕೆ ಕೂಗಾಡ್ತೀಯ ಪದ್ದಕ್ಕ? ಗಾಡಿ ಓಡ್ಸಾದು ನನ್ ಕೆಲ್ಸ, ಓಡಂಗ್ ಮಾಡಾದು ನಿನ್ ಕೆಲ್ಸ’ ಎಂದ. ಅದು ನಿಜವೇ ಆಗಿದ್ದರಿಂದ ಇನ್ನಷ್ಟು ಕೋಪ ಬಂತು.

ಮತ್ತೆ ನಿಂತಾಗ, ಐದನೇ ಸಲ, ಮೋಟಾರನ್ನೇ ಬಿಚ್ಚಿ ಸವೆದ ಕಾರ್ಬನ್ ಬ್ರಷ್ ತೆಗೆದು ಹೊಸದು ಹಾಕಿದೆ. ಮರುದಿನ ನಾನೇ ಪರೀಕ್ಷೆಗೆಂದು ಚೀಲ ಹಿಡಿದು ಲಕ್ಕಣ್ಣನ ಪಕ್ಕ ಕುಳಿತೆ. ಯಾರನ್ನೂ ಹತ್ತಿಸಿಕೊಳ್ಳದೆ ಖಾಲಿ ಗಾಡಿಯಲ್ಲಿ ಎರಡು ಸುತ್ತು ಹೊಡೆದು ನೋಡುವುದೆಂದು ಮಾತಾಗಿತ್ತು. ಅಂಬುಜಮ್ಮನವರ ಮನೆಯ ಮುಂದೆ ಬಂದರೆ ಅವರು ಜಗಲಿಯ ಗೇಟಿಗೆ ಚಿಲಕ ಹಾಕಿ, ಡಬ್ಬಿ ಹಿಡಿದು ಬೀದಿಗೇ ಇಳಿದು ನಿಂತಿದ್ದಾರೆ. ಮುಖದಲ್ಲಿ ನಗು ಇರಲಿಲ್ಲ.

“ಇವತ್ತು ಬೇಡಮ್ಮ. ಇನ್ನೂ ಓಡಿಸಿ ನೋಡಿಲ್ಲ, ನಾಳೆ ಬನ್ನಿ” ಎಂದೆ.

“ನಾಳೆ ಅನ್ನಬೇಡ ಕಣೇ ಪದ್ದಾ. ದಿನಾ ಕೆಲಸದವಳು ಹೋದ ಮೇಲೆ ಲೋಟದಲ್ಲಿ ಗೋಡೆಗೆ ಮೂರು ಸಲ ಕುಟ್ತಾಳೆ. ಚೆನ್ನಾಗಿದೀನಿ ಅಂತ. ನಾನೂ ಕುಟ್ತೀನಿ. ಇವತ್ತು ಕುಟ್ಟಿಲ್ಲ. ನಾನು ಕುಟ್ಟಿ ಕುಟ್ಟಿ ಸಾಕಾದೆ. ಕಿವಿ ಇಟ್ಟು ಕೇಳ್ದೆ, ಉಸಿರಿನ ಸದ್ದೂ ಇಲ್ಲ.” ಆಗಲೇ ಗಾಡಿಯ ಕಂಬಿ ಹಿಡಿದಿದ್ದರು. “ಹತ್ತಿಸ್ಕೊ. ನಿಂತರೆ ನಿಲ್ಲಲಿ.”

ಹತ್ತಿಸಿಕೊಂಡೆವು. ಗಾಡಿ ಹೊರಟಿತು. ಒಂದು ಮನೆ ದಾಟಿತು, ಎರಡು ಮನೆ ದಾಟಿತು. ಮೂರನೆಯದು ನಾಗಭೂಷಣಯ್ಯನವರ ಮನೆ. ಅವರು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಸರಿಯಾಗಿ ಅವರ ಎದುರಿಗೇ ಗಾಡಿ ಜಗ್ಗಿತು, ಕಮಟು ವಾಸನೆ ಬಂತು, ನಿಂತಿತು. ಲಕ್ಕಣ್ಣ ಪೆಡಲ್ ಒತ್ತಿದ. ಟಕ್. ಮತ್ತೆ ಒತ್ತಿದ. ಟಕ್. ಅಂಬುಜಮ್ಮನವರು ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಕೆಳಗಿಳಿದು ಚೀಲ ಬಿಚ್ಚಿದೆ. ಬ್ಯಾಟರಿಯ ಕಡೆ ಕೈ ಹೋಯಿತು, ಅಲ್ಲೇ ನಿಂತಿತು. ಬ್ಯಾಟರಿಯಿಂದ ಶುರು ಮಾಡಿದರೆ ಮತ್ತೆ ಏನೋ ಒಂದು ಸಿಗುತ್ತದೆ, ಮತ್ತೆ ಅದನ್ನು ಸರಿಮಾಡುತ್ತೇನೆ, ಅಷ್ಟರಲ್ಲಿ ಆ ಮನೆಯಲ್ಲಿ ಏನಾಗುತ್ತದೋ. ನನಗೆ ಅಳು ಬರುವ ಹಾಗಾಯಿತು. ಅಪ್ಪನನ್ನು ಮನಸ್ಸಿನಲ್ಲೇ ಕ್ಷಮಿಸೆಂದು ಕೇಳಿಕೊಂಡು, ಗಾಡಿಯ ಹಿಂಭಾಗಕ್ಕೆ ಕೈ ಚಾಚಿ ಟೆಸ್ಟ್ ಲ್ಯಾಂಪಿನ ತಂತಿಯನ್ನು ನೇರವಾಗಿ ಮೋಟಾರಿಗೆ ಇಟ್ಟೆ. ಕರೆಂಟು ಕೊನೆಗೆ ಮುಟ್ಟುವ ಜಾಗ ಅದು. “ಒತ್ತು ಲಕ್ಕಣ್ಣ” ಎಂದೆ. ಟಕ್ ಎಂದಿತು, ದೀಪ ಹತ್ತಲಿಲ್ಲ. ಮೋಟಾರಿಗೆ ಕರೆಂಟೇ ಬರುತ್ತಿಲ್ಲ. ಅಲ್ಲಿಂದ ಒಂದು ಹೆಜ್ಜೆ ಹಿಂದೆ ತಂತಿ ಹಿಡಿದು ಬಂದೆ. ಅದು ಸೀಟಿನ ಪಕ್ಕದ ತಗಡಿನೊಳಗೆ ಹೋಗುತ್ತಿತ್ತು. ತಗಡಿನ ಆಚೆ, ಕರೆಂಟು ಒಳಗೆ ಬರುವ ಕಡೆ ದೀಪ ಇಟ್ಟೆ. “ಒತ್ತು.” ಝಗ್ಗನೆ ಹತ್ತಿತು.

ಅಷ್ಟು ದಿನ ಹುಡುಕಿದ್ದು ಎರಡು ನಿಮಿಷದಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಬರುತ್ತಿದೆ, ಅಲ್ಲಿಂದ ಆಚೆ ಹೋಗುತ್ತಿಲ್ಲ. ನಡುವೆ ಇರುವುದು ನಾನೇ ಮುಚ್ಚಿದ ಪೆಟ್ಟಿಗೆ.

ನಾಲ್ಕು ಸ್ಕ್ರೂ ಬಿಚ್ಚಿ ತಗಡು ತೆಗೆದೆ. ಒಳಗೆ ತಾಮ್ರದ ನಾಲಿಗೆಗಳು ಎರಡು ಸಾಲು. ಮುಂದಕ್ಕೆ ಹೋಗುವ ಸಾಲು ಕಪ್ಪಾಗಿ, ಗುಳಿಬಿದ್ದು, ಒಂದು ನಾಲಿಗೆಯ ತುದಿ ಕರಗಿಯೇ ಹೋಗಿತ್ತು. ಹನ್ನೊಂದು ವರ್ಷ ಅಲುಗಾಡಿಸದೆ ಒಂದೇ ಕಡೆ ಒತ್ತಿ ಹಿಡಿದಿದ್ದೆನಲ್ಲ. ಲಿವರ್ ಆ ಕಡೆ ಈ ಕಡೆ ಆಡುತ್ತಿದ್ದರೆ ತಾಮ್ರ ತಾನಾಗಿಯೇ ಉಜ್ಜಿಕೊಂಡು ಚೊಕ್ಕಟವಾಗಿರುತ್ತಿತ್ತು. ಪಕ್ಕದ ಸಾಲು, ಹಿಂದಕ್ಕೆ ಹೋಗುವುದು, ಈಗಷ್ಟೇ ಹುಣಸೆಹಣ್ಣು ಹಾಕಿ ತೊಳೆದಂತೆ ಹೊಳೆಯುತ್ತಿತ್ತು. ಹೊರಗಿನ ಊರಿನ ಎಂಥ ಅರೆಬರೆ ಮೆಕ್ಯಾನಿಕ್ ಆದರೂ ಮೊದಲನೇ ದಿನವೇ ಲಿವರನ್ನು ಹಿಂದಕ್ಕೆ ಎಳೆದು ನೋಡುತ್ತಿದ್ದ. ಗಾಡಿ ಹಿಂದಕ್ಕೆ ಓಡಿದರೆ ಉಳಿದದ್ದೆಲ್ಲ ಸರಿಯಿದೆ, ದೋಷ ಈ ಪೆಟ್ಟಿಗೆಯಲ್ಲೇ ಇದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಅದು ನನಗೆ ಹೊಳೆಯಲೇ ಇಲ್ಲ.

“ಏನಾಗಿದೆ?” ಅಂಬುಜಮ್ಮನವರು ಕೇಳಿದರು.

“ಸಿಕ್ತು. ತುದಿ ಕರಗಿಹೋಗಿದೆ, ಈ ಸಲ ಅರ್ಧ ಗಂಟೆ ಕಾದ್ರೂ ಹೊರಡಲ್ಲ. ಇದನ್ನ ಬಿಚ್ಚಿ, ಅರ ಹಾಕಿ ಉಜ್ಜಿ, ಕರಗಿರೋದಕ್ಕೆ ಬೇರೆ ತುಂಡು ಕೂರಿಸ್ಬೇಕು. ಸಂಜೆ ಆಗತ್ತೆ.”

“ಸಂಜೆ” ಎಂದರು ಅವರು. ಡಬ್ಬಿಯನ್ನು ಸೀಟಿನ ಮೇಲಿಟ್ಟು ಒಂದು ಕಾಲನ್ನು ಬೀದಿಗೆ ಇಳಿಸಿದರು. ತಲೆ ತಿರುಗಿಸಿ ಹಿಂದೆ ನೋಡಿದರು. ತಂಗಿಯ ಮನೆಯ ನೀಲಿ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ನಲವತ್ತು ಹೆಜ್ಜೆಯೂ ಇಲ್ಲ. ಎಷ್ಟೋ ಹೊತ್ತು ಹಾಗೇ ನೋಡಿದರು. ಆಮೇಲೆ ಕಾಲನ್ನು ಎತ್ತಿ ಮೇಲಿಟ್ಟುಕೊಂಡರು.

“ಕಾಲು ಬರಲ್ಲ ಕಣೇ” ಎಂದರು. “ಮನಸ್ಸು ಅಲ್ಲೇ ಇದೆ, ಕಾಲು ಬರ್ತಾ ಇಲ್ಲ.”

ನನ್ನ ಕಾಲೂ ಬರುತ್ತಿರಲಿಲ್ಲ. ಅದಕ್ಕೆ ನಾನೇಕೆ ಸುಳ್ಳು ಹೇಳಲಿ. ಅವರ ಪರವಾಗಿ ಓಡಿ ಹೋಗಿ ನೋಡಿ ಬರುತ್ತೇನೆ ಎನ್ನುವ ಧೈರ್ಯ ನನಗೂ ಇರಲಿಲ್ಲ, ಅಲ್ಲಿ ಸೇರಿದ್ದ ಹತ್ತು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಎಲ್ಲರೂ ಕುತ್ತಿಗೆ ತಿರುಗಿಸಿ ಆ ನೀಲಿ ಬಾಗಿಲನ್ನು ನೋಡುತ್ತಿದ್ದೆವು. ನನ್ನ ಕೈ ಮಾತ್ರ ಲಿವರಿನ ಹತ್ತಿರವೇ ಇತ್ತು.

“ಲಕ್ಕಣ್ಣ, ಗಾಡಿ ಈಗಲೂ ಓಡತ್ತೆ” ಎಂದೆ.

“ಓಡ್ಲಿ ಮತ್ತೆ. ಯಾಕೆ ನಿಲ್ಸ್‌ಕೊಂಡಿದೀಯ?”

“ಹಿಂದಕ್ಕೆ.”

ಲಕ್ಕಣ್ಣ ಪೆಡಲ್ ಮೇಲಿನ ಕಾಲನ್ನು ಬಿಸಿ ತಾಗಿದವನಂತೆ ತೆಗೆದ. ಕೆಳಗಿಳಿದು ನಾಲ್ಕು ಹೆಜ್ಜೆ ಮುಂದೆ ಹೋಗಿ ಬೆನ್ನು ಮಾಡಿ ನಿಂತ. “ನನ್ ಕೈಲಾಗಕಿಲ್ಲ ಪದ್ದಕ್ಕ. ಬೈಯ್ಯಂಗಿದ್ರೆ ಬೈಯ್ಯಿ. ಆಗಕಿಲ್ಲ” ಎಂದ. ನಾನು ಬೈಯಲಿಲ್ಲ.

ಅಂಬುಜಮ್ಮನವರು ನನ್ನನ್ನೇ ನೋಡುತ್ತಿದ್ದರು. “ನಾನು ತಿರುಗಬೇಕಾ?” ಎಂದು ಕೇಳಿದರು.

“ಇಲ್ಲ. ನೀವು ಹೀಗೇ ಕೂತಿರಿ, ಮುಂದೆ ನೋಡ್ಕೊಂಡು.”

“ಹಾಗಾದ್ರೆ ಎಳಿ.”

ನಾನು ಜಗಲಿಯ ಕಡೆ ನೋಡಿದೆ. ನಾಗಭೂಷಣಯ್ಯನವರು ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಎದ್ದು ನಿಂತಿದ್ದರು. ಈಗ ಬೀಳುತ್ತವೆ ಬೈಗುಳ ಎಂದುಕೊಂಡೆ. ಅವರು ಸೇರಿದ್ದ ಜನರಿಗೆ, “ಬನ್ರಪ್ಪ, ಎಲ್ಲಾ ಒಳಗೆ ಬನ್ನಿ. ಕಾಫಿ ಮಾಡಿದಾರೆ, ಆರಿಹೋಗತ್ತೆ” ಎಂದರು. ಯಾರಿಗೂ ಅರ್ಥವಾಗಲಿಲ್ಲ. ಗದರಿದ ಮೇಲೆ ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಯಲ್ಲಿ ತಾವೂ ಹೋಗಿ, ಬಾಗಿಲು ಹಾಕುವ ಮೊದಲು ತಲೆ ಹೊ‌ರಗೆ ಹಾಕಿ ನನಗೆ, “ನಾನೇನೂ ನೋಡಿಲ್ಲಮ್ಮ. ಆದ್ರೆ ಚರಂಡಿ ಚಪ್ಪಡಿ ಒಂದು ಒಡೆದಿದೆ, ಹುಷಾರು” ಎಂದರು. ಬಾಗಿಲು ಮುಚ್ಚಿತು.

ಬೆಣೆ ಹನ್ನೊಂದು ವರ್ಷದಲ್ಲಿ ಪೆಟ್ಟಿಗೆಗೇ ಅಂಟಿಕೊಂಡಿತ್ತು. ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದು ಸೀಳಿ ತೆಗೆದೆ. ಲಕ್ಕಣ್ಣನ ಜಾಗದಲ್ಲಿ ಕುಳಿತು, ಎರಡೂ ಕೈಯಿಂದ ಲಿವರ್ ಎಳೆದೆ. ಪೆಡಲ್ ಮೇಲೆ ಕಾಲಿಟ್ಟೆ.

ಗಾಡಿ ಕೂಗತೊಡಗಿತು. ಪೀಂ, ಪೀಂ, ಪೀಂ. ಹಿಂದಕ್ಕೆ ಹೋಗುವಾಗ ಜನರನ್ನು ಎಚ್ಚರಿಸುವ ಗಂಟೆಯಂತೆ ಅದು. ಅದರ ತಂತಿಯನ್ನು ನಾನು ಎಷ್ಟೋ ಸಲ ಧೂಳು ಒರೆಸಿ ಇಟ್ಟಿದ್ದೆ, ಕೂಗು ಕೇಳಿರಲಿಲ್ಲ. ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಕಾಲು ತೆಗೆದುಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಗಾಡಿ ಅಲುಗಿತು. ನಾಗಭೂಷಣಯ್ಯನವರ ಜಗಲಿ ನನ್ನ ಕಣ್ಣೆದುರು ಮುಂದಕ್ಕೆ ಹೋಯಿತು. ಜಗಲಿಗಳು ಹಾಗೆ ಮುಂದಕ್ಕೆ ಹೋಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದೆ ತಿರುಗಿ ನೋಡುತ್ತಾ ಸ್ಟೇರಿಂಗ್ ತಿರುಗಿಸುವುದು ಹೇಗೆಂದು ನನಗೆ ಯಾರು ಹೇಳಿಕೊಡಬೇಕು? ಬಲಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ಬಲಕ್ಕೇ ಹೋಗಿ ಪಕ್ಕದ ಮನೆಯ ಜಗಲಿಯ ಕಲ್ಲಿಗೆ ಕರ್‍ರನೆ ಉಜ್ಜಿತು.

“ಅಯ್ಯಯ್ಯೋ ಬಣ್ಣ! ಎಡಕ್ಕೆ ತಿರುಗ್ಸು ಪದ್ದಕ್ಕ, ಎಡಕ್ಕೆ!” ಲಕ್ಕಣ್ಣ ಮುಂದೆ ನಿಂತಲ್ಲೇ ಕುತ್ತಿಗೆ ಹೊರಳಿಸಿ ಕೂಗುತ್ತಿದ್ದ. ಪಾದಗಳು ಆ ಕಡೆಗೇ ಇದ್ದವು, ಮುಖ ಮಾತ್ರ ಪೂರ್ತಿ ಈ ಕಡೆಗೆ. “ಈಗ ನೇರ ಮಾಡು! ಚರಂಡಿ, ಚರಂಡಿ! ಹಂಗೇ ಬಿಡು, ಹಂಗೇ ಬಿಡು... ನಿಲ್ಸು!”

ನಿಲ್ಲಿಸಿದೆ. ಕೂಗು ನಿಂತಿತು. ನೀಲಿ ಬಾಗಿಲು ನಮ್ಮ ಬಲಕ್ಕೇ ಇತ್ತು. ಬೆವರಿನಲ್ಲಿ ನನ್ನ ರವಿಕೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. “ಗಾಡಿ ಅಲ್ಲೇ ಇರ್ಲಿ” ಎಂದು ಲಕ್ಕಣ್ಣ ದೂರದಿಂದ ಕೂಗಿದ. “ಮುಟ್ಬೇಡ! ಸುತ್ತಾಕ್ಕೊಂಡು ಬತ್ತೀನಿ.” ಪಂಚೆ ಎತ್ತಿ ಕಟ್ಟಿ, ಮುಂದಕ್ಕೆ, ಎರಡು ಗಂಟೆಯ ದಾರಿ ಹಿಡಿದು ದಾಪುಗಾಲು ಹಾಕಿದ.

ಅಂಬುಜಮ್ಮನವರ ಕೈ ಹಿಡಿದು ಇಳಿಸಿದೆ. ಅವರು ಡಬ್ಬಿಯನ್ನು ಮರೆತು ನನ್ನ ತೋಳನ್ನೇ ಗಟ್ಟಿಯಾಗಿ ಹಿಡಿದಿದ್ದರು. ಮೆಟ್ಟಿಲ ಮೇಲೆ ಕಾಲಿಡುವಾಗಲೇ ನಮಗೆ ಒಳಗಿನಿಂದ ಸದ್ದು ಕೇಳಿಸಿತು. ಯಾರೋ ಅಳುತ್ತಿದ್ದರು. ಬಿಕ್ಕಳಿಕೆಯಲ್ಲ, ಸಣ್ಣ ಮಕ್ಕಳು ಬಿದ್ದು ಪೆಟ್ಟು ಮಾಡಿಕೊಂಡಾಗ ಅಳುವಂತೆ ದೊಡ್ಡ ಬಾಯಿ ತೆಗೆದು, ಅಮ್ಮಾ ಅಮ್ಮಾ ಎನ್ನುತ್ತಾ. ಅಂಬುಜಮ್ಮನವರು ನನ್ನ ಮುಖ ನೋಡಿದರು. ಜೀವ ಇದೆ ಎಂಬ ಸಮಾಧಾನ ಒಂದು ಕ್ಷಣ ಬಂದು ಹೋಯಿತು, ಆಮೇಲೆ ಆ ಅಳು ಅವರ ಮುಖವನ್ನು ಏನೋ ಮಾಡಿಬಿಟ್ಟಿತು. ಬಾಗಿಲು ತಳ್ಳಿದರು.

ವಾರಿಜಮ್ಮ ಗೋಡೆಯ ಪಕ್ಕದ ಮಂಚದ ಮೇಲೆ ಒಂದು ಮಗ್ಗುಲಾಗಿ, ಹೊಟ್ಟೆಯನ್ನು ಎರಡು ಕೈಯಲ್ಲೂ ಅವುಚಿಕೊಂಡು ಮುದುಡಿದ್ದರು. ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು. ಲೋಟ ನೆಲದಲ್ಲಿ ಉರುಳಿತ್ತು. ಅಕ್ಕನನ್ನು ಕಂಡದ್ದೇ ಅಳು ಗಕ್ಕನೆ ನಿಂತಿತು. ಕದ್ದು ಸಿಕ್ಕಿಬಿದ್ದವರ ಹಾಗೆ ಗಾಬರಿಯಿಂದ ಸೆರಗಿಗಾಗಿ ತಡಕಾಡಿದರು.

“ನೀನು... ಈಗ ತಾನೇ ಚಿಲಕದ ಸದ್ದು ಕೇಳಿಸ್ತಲ್ಲ” ಎಂದರು. “ಇಷ್ಟು ಬೇಗ ಹೇಗೆ ಬಂದೆ?”

“ಬಂದೆ. ಲೋಟ ಯಾಕೆ ಕುಟ್ಟಲಿಲ್ಲ?”

“ಕೈಯಿಂದ ಜಾರಿ ಬಿತ್ತು. ಎತ್ಕೊಳ್ಳೋಕೆ ಆಗ್ಲಿಲ್ಲ. ಉಸಿರು ಬಿಗಿ ಹಿಡ್ಕೊಂಡು ಮಲಗಿದ್ದೆ, ನಿನಗೆ ನರಳಾಟ ಕೇಳಿಸಬಾರದು ಅಂತ.” ಮುಖ ಒರೆಸಿಕೊಳ್ಳುತ್ತಾ ನಗಲು ನೋಡಿದರು, ಆಗಲಿಲ್ಲ. “ನೀನು ಬರೋಕೆ ಒಂದು ಗಂಟೆ ಇದೆಯಲ್ಲ ಅಂತ ಅಳ್ತಾ ಇದ್ದೆ ಕಣೇ ಅಕ್ಕ.”

ಅಂಬುಜಮ್ಮನವರು ಬಾಗಿಲ ಬಳಿಯೇ ನಿಂತಿದ್ದರು. “ದಿನಾನೂನಾ?”

“ಗೋಡೆಯಾಚೆ ನೀನಿದ್ರೆ ಹೇಗೆ ಅಳಲಿ? ನೀನು ಚಿಲಕ ಹಾಕ್ಕೊಂಡು ಗಾಡಿ ಹತ್ತಿದ ಮೇಲೆ ಶುರು ಮಾಡ್ತೀನಿ. ಬೇಕಾದಷ್ಟು ಅತ್ತು, ಆ ಒದ್ದೆ ಬಟ್ಟೇಲಿ ಮುಖ ಒರೆಸ್ಕೊಂಡು, ಕೂದಲು ಸರಿ ಮಾಡ್ಕೊಂಡು ಇಟ್ಟಿರ್ತೀನಿ. ಆಮೇಲೆ ನೀನು ನಗ್ತಾ ಬರ್ತೀಯ. ಅಷ್ಟು ನಗುನಗ್ತಾ ಬರೋಳ ಮುಂದೆ ನಾನು ಅಳೋಕಾಗತ್ತಾ?”

ಅಂಬುಜಮ್ಮನವರು ಮಂಡಿ ನೋವನ್ನೂ ಮರೆತು ಮಂಚದ ತನಕ ಒಬ್ಬರೇ ನಡೆದರು. ತಂಗಿಯ ಕಾಲ ಬಳಿ ಕುಳಿತರು.

“ನಾನು ಗಾಡೀಲಿ ಅಳ್ತಿದ್ದೆ ಕಣೇ” ಎಂದರು. “ಏರಿ ದಾಟೋವರೆಗೂ ಸುತ್ತು ಪೂರ್ತಿ ಅದೇ ಕೆಲಸ. ನಿನ್ನ ಬಾಗಿಲು ಹತ್ತಿರ ಬಂದಾಗ ಮುಖ ಒರೆಸ್ಕೊಂಡು ಇಳೀತಿದ್ದೆ. ನಿನ್ನ ಮುಖ ನೋಡಿದ್ರೆ ನೀನು ಗಟ್ಟಿಯಾಗಿದೀಯ ಅನ್ಸೋದು. ಇವಳೇ ಗಟ್ಟಿಯಾಗಿರೋವಾಗ ನಂದೇನು ಅಂತ ನಗ್ತಿದ್ದೆ.”

ವಾರಿಜಮ್ಮ ಅಕ್ಕನನ್ನು ನೋಡಿದರು. ನಾನು ಅಲ್ಲಿರಬಾರದಾಗಿತ್ತು ಅನಿಸಿತು. ಉರುಳಿದ್ದ ಲೋಟವನ್ನು ಎತ್ತಿಟ್ಟು, ಗಾಡಿಯಲ್ಲೇ ಉಳಿದಿದ್ದ ಡಬ್ಬಿಯನ್ನು ತಂದು ಬಾಗಿಲೊಳಗೆ ಇಟ್ಟು ತಿರುಗಿದೆ. ಕಣ್ಣು ಮಂಜಾಗಿ ಹೊಸ್ತಿಲು ಎಡವಿದೆ.

ಹಿಂದೆ ಮಂಚ ಕಿರುಗುಟ್ಟಿತು. ಅಂಬುಜಮ್ಮನವರು ಕಾಲು ಮೇಲೆತ್ತಿಕೊಂಡು ತಂಗಿಯ ಪಕ್ಕದಲ್ಲೇ ಒರಗುತ್ತಿದ್ದರು. ಗೋಡೆಯ ಗಡಿಯಾರ ನೋಡಿ ಹೇಳಿದರು:

“ಸರಿ, ಸ್ವಲ್ಪ ಆ ಕಡೆ ಸರಿ. ನಾನು ಬರೋಕೆ ಇನ್ನೂ ಮುಕ್ಕಾಲು ಗಂಟೆ ಇದೆ.”